ಕುಡಿತಕ್ಕೆ ಬಿದ್ದ ಸಹೋದರನೂ ನಮ್ಮ ಹೊಣೆಯೂ



ಮದ್ಯಪಾನ ಹರಾಮ್ ಎಂಬುದನ್ನು ಅರಿಯದ ಮುಸ್ಲಿಮನಿಲ್ಲ. ನಮಾಝನ್ನು ಸರಿಯಾಗಿ ಕಲಿಯುವ ಮುನ್ನವೇ ನಮ್ಮ ಮಕ್ಕಳು ಈ ಮಾತನ್ನು ಕಲಿತಿರುತ್ತಾರೆ. ಆದರೂ ಕೋಲಾರದ ಟೊಮೆಟೊ ಮಂಡಿಯಲ್ಲಿ ಲೋಡು ಹೊರುವವರಲ್ಲಿ, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರಲ್ಲಿ, ಮುಳಬಾಗಿಲಿನ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ, ಶ್ರೀನಿವಾಸಪುರದ ಮಾವಿನ ತೋಪು ಗುತ್ತಿಗೆ ಹಿಡಿದವರಲ್ಲಿ ಕುಡಿತಕ್ಕೆ ಬಿದ್ದ ನಮ್ಮವರೂ ಇದ್ದಾರೆ. ಓದಿದವರಲ್ಲೂ ಇದ್ದಾರೆ, ಅಂಗಡಿ ಇಟ್ಟವರಲ್ಲೂ ಇದ್ದಾರೆ. ಇದು ಪ್ರತಿಯೊಂದು ಮೊಹಲ್ಲಾಕ್ಕೂ ಗೊತ್ತು. ಗೊತ್ತಿದ್ದೂ ಮಾತನಾಡುವುದಿಲ್ಲ. ಮಾತನಾಡಿದರೆ ಬೈಗುಳದ ಮಾತು, ಇಲ್ಲವೇ ಪೂರ್ಣ ಮೌನ. ಇವೆರಡರ ನಡುವೆ ಒಂದು ಮನೆ ಮುರಿಯುತ್ತದೆ, ಒಬ್ಬ ಮನುಷ್ಯ ನಾಶವಾಗುತ್ತಾನೆ.

ಇಂತಹ ಸಹೋದರನ ವಿಷಯದಲ್ಲಿ ಅಲ್ಲಾಹನು ನಮ್ಮಿಂದ ಬಯಸುವುದೇನು ಎಂಬುದೇ ಈ ಲೇಖನದ ವಿಷಯ.

ನಿಷೇಧ ಬಂದ ಬಗೆ

ಪವಿತ್ರ ಕುರ್‌ಆನ್ ಮದ್ಯವನ್ನು ಒಂದೇ ದಿನದಲ್ಲಿ ನಿಷೇಧಿಸಲಿಲ್ಲ. ಮೊದಲು ಸೂರಃ ಅಲ್ ಬಕರಃದ 219ನೆಯ ಸೂಕ್ತದಲ್ಲಿ, ಅದರಲ್ಲಿ ಕೆಲವು ಪ್ರಯೋಜನಗಳಿದ್ದರೂ ಪಾಪವೇ ದೊಡ್ಡದೆಂದು ತಿಳಿಸಲಾಯಿತು. ಬಳಿಕ ಸೂರಃ ಅನ್ನಿಸಾದ 43ನೆಯ ಸೂಕ್ತದಲ್ಲಿ, ಅಮಲಿನಲ್ಲಿರುವಾಗ ನಮಾಝಿನ ಬಳಿ ಸುಳಿಯಬಾರದೆಂಬ ಆದೇಶ ಬಂತು. ಐದು ಹೊತ್ತಿನ ನಮಾಝಿರುವವನಿಗೆ ಕುಡಿಯಲು ಉಳಿಯುವ ಹೊತ್ತು ಎಷ್ಟು? ಕೊನೆಗೆ ಸೂರಃ ಅಲ್ ಮಾಇದಃದ 90 ಮತ್ತು 91ನೆಯ ಸೂಕ್ತಗಳು ಅವತೀರ್ಣವಾಗಿ, ಅದು ಶೈತಾನನ ಹೊಲಸು ಕೆಲಸವೆಂದೂ ಅದರಿಂದ ದೂರವಿರಬೇಕೆಂದೂ ಸಾರಿದವು. ಆಗ ಅಬೂ ತಲ್‌ಹಾ(ರ)ರ ಮನೆಯಲ್ಲಿ ಅನಸ್(ರ) ಮದ್ಯ ಬಡಿಸುತ್ತಿದ್ದರು. ಘೋಷಣೆ ಕಿವಿಗೆ ಬಿದ್ದ ಕೂಡಲೇ ಅದನ್ನು ಹೊರಗೆ ಚೆಲ್ಲಲಾಯಿತು, ಮದೀನಾದ ಬೀದಿಗಳಲ್ಲಿ ಮದ್ಯ ಹರಿಯಿತು.

ಈ ಘಟನೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದರ ಹಿಂದಿನ ವರ್ಷಗಳನ್ನು ಮಾತ್ರ ಮರೆಯುತ್ತೇವೆ. ಮೊದಲೇ ಮದ್ಯ ಬಿಡಿರೆಂಬ ಆದೇಶ ಬಂದಿದ್ದರೆ ಜನರು ಒಪ್ಪುತ್ತಿರಲಿಲ್ಲ, ಮೊದಲು ಬಂದದ್ದು ಸ್ವರ್ಗ ನರಕಗಳ ವಿಷಯವಿದ್ದ ಸೂಕ್ತಗಳು ಎಂಬ ಅರ್ಥದ ಮಾತನ್ನು ಆಯಿಶಾ(ರ) ಹೇಳಿರುವುದು ಸಹೀಹ್ ಬುಖಾರಿಯಲ್ಲಿದೆ. ಅಂದರೆ ಮೊದಲು ಹೃದಯ ಸಿದ್ಧವಾಯಿತು, ಬಳಿಕ ಕೈ ಪಾತ್ರೆಯನ್ನು ಬಿಟ್ಟಿತು. ಕಾನೂನು ಇಂದು ಪೂರ್ಣಗೊಂಡಿದೆ. ಒಂದು ತೊಟ್ಟನ್ನೂ ಯಾರೂ ಹಲಾಲ್ ಮಾಡಲಾರರು. ಆದರೆ ಮನುಷ್ಯನನ್ನು ಸಿದ್ಧಗೊಳಿಸುವ ಕೆಲಸ ಪ್ರತಿಯೊಂದು ಪೀಳಿಗೆಯಲ್ಲೂ ಹೊಸದಾಗಿ ನಡೆಯಬೇಕಾಗಿದೆ.

ಬಿಯರ್ ಮದ್ಯವಲ್ಲ, ಸೇಂದಿ ಮರದ ರಸ, ಗಾಂಜಾ ಬರೀ ಸೊಪ್ಪು ಎನ್ನುವವರಿದ್ದಾರೆ. ಅಮಲೇರಿಸುವುದೆಲ್ಲವೂ ಮದ್ಯವೇ, ಹೆಚ್ಚಾಗಿ ಸೇವಿಸಿದಾಗ ಅಮಲೇರಿಸುವ ವಸ್ತುವಿನ ಅಲ್ಪಾಂಶವೂ ಹರಾಮ್ ಎಂದು ಪ್ರವಾದಿವರ್ಯರು(ಸ) ಸ್ಪಷ್ಟಪಡಿಸಿರುವರು. ಅಮಲಿನ ವಸ್ತುವನ್ನು ಮಾತ್ರವಲ್ಲ, ಮೈಯನ್ನು ಜಡಗೊಳಿಸುವ ವಸ್ತುವನ್ನೂ ಅವರು(ಸ) ತಡೆದರೆಂಬ ಉಮ್ಮು ಸಲಮಾ(ರ)ರ ವರದಿ ಅಬೂ ದಾವೂದ್‌ನಲ್ಲಿದೆ. ಮತ್ತಿನ ಮಾತ್ರೆ, ಗಾಂಜಾ, ಬಟ್ಟೆಗೆ ಹಾಕಿ ಮೂಸುವ ಸೊಲ್ಯೂಷನ್ ಎಲ್ಲವೂ ಈ ಮಾತಿನೊಳಗೆ ಬರುತ್ತವೆ.

ಪಾಪವೋ, ರೋಗವೋ?

ಕುಡಿತವನ್ನು ವೈದ್ಯರು ರೋಗವೆನ್ನುತ್ತಾರೆ. ರೋಗವೆಂದ ಮೇಲೆ ಪಾಪ ಹೇಗಾಗುತ್ತದೆ ಎಂದು ಯುವಕರು ಕೇಳುತ್ತಾರೆ. ಪಾಪವೆಂದ ಮೇಲೆ ಆಸ್ಪತ್ರೆ ಏಕೆ, ತೌಬಾ ಸಾಲದೇ ಎಂದು ಹಿರಿಯರು ಕೇಳುತ್ತಾರೆ. ಎರಡು ಪ್ರಶ್ನೆಗೂ ಉತ್ತರವಿದೆ.

ತಾರಿಕ್ ಬಿನ್ ಸುವೈದ್(ರ) ತಾವು ಮದ್ಯವನ್ನು ಔಷಧಿಗಾಗಿ ತಯಾರಿಸುವುದಾಗಿ ಹೇಳಿದಾಗ, ಅದು ಔಷಧಿಯಲ್ಲ, ರೋಗವೆಂದು ಪ್ರವಾದಿವರ್ಯರು(ಸ) ಉತ್ತರಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮದ್ಯವನ್ನು ರೋಗವೆಂದು ಕರೆದ ಅದೇ ನಾಲಗೆ, ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲವೆಂದೂ ಹೇಳಿದೆ. ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದ ಗ್ರಾಮೀಣ ಅರಬರಿಗೆ ಪಡೆಯಿರೆಂದೇ ಆದೇಶಿಸಿದೆ. ಆದುದರಿಂದ ಕುಡಿಯುವ ಕೃತ್ಯ ಪಾಪ. ಆ ಕೃತ್ಯ ದೇಹದಲ್ಲಿ ಬೇರೂರಿದಾಗ ಉಂಟಾಗುವುದು ರೋಗ. ಪಾಪಕ್ಕೆ ತೌಬಾ, ರೋಗಕ್ಕೆ ಚಿಕಿತ್ಸೆ. ಒಂದು ಇನ್ನೊಂದರ ಸ್ಥಾನವನ್ನು ತುಂಬುವುದಿಲ್ಲ. ಬೇಕೆಂದೇ ಬೆಂಕಿಗೆ ಕೈಯಿಟ್ಟವನು ತಪ್ಪುಗಾರನೇ. ಆದರೆ ಸುಟ್ಟ ಕೈಗೆ ಮುಲಾಮು ಹಚ್ಚಬೇಡಿರೆಂದು ಯಾವ ಆಲಿಮರೂ ಹೇಳಲಾರರು.

ದೇಹದಲ್ಲಿ ಆಗುವುದೇನು? ವರ್ಷಗಟ್ಟಲೆ ಪ್ರತಿದಿನ ಕುಡಿದವನ ಮಿದುಳು ಮದ್ಯಕ್ಕೆ ಹೊಂದಿಕೊಂಡು ಬಿಡುತ್ತದೆ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬಾರದು. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡರಿಂದ ನಾಲ್ಕನೆಯ ದಿನದೊಳಗೆ ಬುದ್ಧಿ ಕಲಕುತ್ತದೆ. ಇಲ್ಲದ್ದು ಕಾಣುತ್ತದೆ, ಇಲ್ಲದ ದನಿ ಕೇಳುತ್ತದೆ, ಗೋಡೆಯ ಮೇಲೆ ಹುಳ ಹರಿದಂತೆ ತೋರುತ್ತದೆ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಪ್ರಾಣ ಹೋಗಬಹುದು. ನಮ್ಮ ಮನೆಗಳಲ್ಲಿ ಇದಕ್ಕೆ ಜಿನ್ ಹಿಡಿದಿದೆ, ಮಾಟವಾಗಿದೆ ಎನ್ನಲಾಗುತ್ತದೆ. ತಾಯತದವನ ಬಳಿಗೆ ಕರೆದೊಯ್ಯುವಷ್ಟರಲ್ಲಿ ಆಸ್ಪತ್ರೆಗೆ ತಲುಪಬೇಕಾದ ಹೊತ್ತು ಕಳೆದಿರುತ್ತದೆ. ದುಆ ಮಾಡಿರಿ, ಕುರ್‌ಆನ್ ಓದಿ ಊದಿರಿ. ಆದರೆ ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಕುಳಿತು ಮಾಡಿರಿ.

ಪತ್ರಿಕೆಗಳಲ್ಲಿ ಜಾಹೀರಾತಾಗುವ ಕುಡಿತ ಬಿಡಿಸುವ ಪುಡಿಗಳ ವಿಷಯದಲ್ಲೂ ಎಚ್ಚರವಿರಲಿ. ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆಯಿದೆ. ಅದನ್ನು ಸೇವಿಸಿದವನು ಕುಡಿದರೆ ವಾಂತಿಯಾಗಿ ಎದೆ ಬಡಿದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು ಕೊಟ್ಟರೆ ಅದು ಮದ್ದು. ಸಾರಿನಲ್ಲಿ ಗುಟ್ಟಾಗಿ ಬೆರೆಸಿದರೆ ಅದೇ ವಿಷವಾಗಬಹುದು. ಪತಿಯ ಒಳಿತಿಗೆಂದು ಹೀಗೆ ಮಾಡುವ ಸಹೋದರಿಯರು ದಯವಿಟ್ಟು ನಿಲ್ಲಿಸಬೇಕು.

ಶಪಿಸಬೇಡಿರಿ

ಅಬ್ದುಲ್ಲಾ ಎಂಬ ಹೆಸರಿನ ಒಬ್ಬ ಸಹಾಬಿಯಿದ್ದರು. ಪ್ರವಾದಿವರ್ಯರನ್ನು(ಸ) ನಗಿಸುತ್ತಿದ್ದ ಅವರು ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾಗುತ್ತಿದ್ದರು. ಇವನನ್ನು ಎಷ್ಟು ಸಲ ತರಲಾಗುತ್ತಿದೆಯೆಂದು ಒಮ್ಮೆ ಒಬ್ಬರು ಶಪಿಸಿದರು. ಪ್ರವಾದಿವರ್ಯರು(ಸ) ತಡೆದರು. ಶಪಿಸಬಾರದೆಂದೂ ಆತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದೂ ಹೇಳಿದರು. ಇನ್ನೊಂದು ಸಂದರ್ಭದಲ್ಲಿ, ಶಿಕ್ಷೆ ಮುಗಿಸಿ ಹೊರಟ ಕುಡುಕನಿಗೆ ಅಲ್ಲಾಹನು ನಿನ್ನನ್ನು ಅಪಮಾನಗೊಳಿಸಲಿ ಎಂದವರಿಗೆ, ಆತನ ವಿರುದ್ಧ ಶೈತಾನನಿಗೆ ನೆರವಾಗಬೇಡಿರೆಂದು ಎಚ್ಚರಿಸಿದರು. ಇವೆರಡೂ ಸಹೀಹ್ ಬುಖಾರಿಯ ವರದಿಗಳು.

ಇಲ್ಲಿ ಶಿಕ್ಷೆ ಇಲ್ಲವಾಗಲಿಲ್ಲ, ಹರಾಮ್ ಹಲಾಲ್ ಆಗಲಿಲ್ಲ. ಆದರೆ ಮನುಷ್ಯನಿಗೆ ಸಮುದಾಯದ ಬಾಗಿಲು ಮುಚ್ಚಲಿಲ್ಲ. ಮತ್ತೆ ಮತ್ತೆ ಬಿದ್ದವನ ಎದೆಯಲ್ಲೂ ಅಲ್ಲಾಹನ ಪ್ರೀತಿ ಇರಬಲ್ಲದೆಂಬುದಕ್ಕೆ ಸ್ವತಃ ಪ್ರವಾದಿವರ್ಯರೇ(ಸ) ಸಾಕ್ಷಿ ನುಡಿದರು.

ಉಮರ್(ರ)ರ ಕಾಲದ ಒಂದು ಘಟನೆಯನ್ನು ಇಬ್ನು ಕಸೀರ್ ತಮ್ಮ ತಫ್ಸೀರಿನಲ್ಲಿ ಉದ್ಧರಿಸಿದ್ದಾರೆ. ಶಾಮಿನ ವ್ಯಕ್ತಿಯೊಬ್ಬನು ಕಾಣದಾದಾಗ ಉಮರ್(ರ) ವಿಚಾರಿಸಿದರು. ಕುಡಿತಕ್ಕೆ ಬಿದ್ದಿದ್ದಾನೆಂದು ತಿಳಿಯಿತು. ಖಲೀಫರು ಸೈನಿಕನನ್ನು ಕಳುಹಿಸಲಿಲ್ಲ, ಪತ್ರ ಬರೆದರು. ಪಾಪಗಳನ್ನು ಕ್ಷಮಿಸುವ, ಪಶ್ಚಾತ್ತಾಪವನ್ನು ಸ್ವೀಕರಿಸುವ, ಕಠಿಣವಾಗಿ ಶಿಕ್ಷಿಸುವ ಅಲ್ಲಾಹನನ್ನು ಸ್ಮರಿಸುವ ಸೂರಃ ಗಾಫಿರ್‌ನ ಆರಂಭದ ಸೂಕ್ತಗಳನ್ನು ಅದರಲ್ಲಿ ಬರೆದರು. ಅವನಿಗಾಗಿ ಪ್ರಾರ್ಥಿಸಲು ಸಂಗಡಿಗರಿಗೆ ಹೇಳಿದರು. ಆತ ಪತ್ರವನ್ನು ಓದಿ ಓದಿ ಅತ್ತನು, ಕುಡಿತ ಬಿಟ್ಟನು. ಜಾರಿದ ಸಹೋದರನನ್ನು ಹೀಗೆ ನೆಟ್ಟಗೆ ನಿಲ್ಲಿಸಬೇಕೆಂದು ಉಮರ್(ರ) ಕಲಿಸಿದರು.

ನಮ್ಮ ಜಮಾಅತ್‌ಗಳಲ್ಲಿ ಯಾರಾದರೂ ಜುಮಾಕ್ಕೆ ಕಾಣದಾದಾಗ ನಾವು ವಿಚಾರಿಸುತ್ತೇವೆಯೇ? ಕುಡಿದು ಸತ್ತವನ ಜನಾಝಾ ನಮಾಝಿಗೆ ಬರಲಾರೆವೆಂದು ಹೇಳುವ ಬಾಯಿಗಳಿವೆ. ಪಾಪ ಮಾಡಿದ ಮುಸ್ಲಿಮನಿಗೂ ಜನಾಝಾ ನಮಾಝ್ ಇದೆಯೆಂಬುದು ಅಹ್ಲುಸ್ಸುನ್ನತ್ ವಿದ್ವಾಂಸರ ನಿಲುವು. ಜೀವಂತವಿದ್ದಾಗ ಅವನ ಬಾಗಿಲು ತಟ್ಟಿದವರೆಷ್ಟು ಮಂದಿ ಎಂಬುದನ್ನು ಆ ದಿನ ಎಣಿಸಿಕೊಳ್ಳುವುದು ಲೇಸು.

ಅಂಕಿ ಅಂಶಗಳ ಪಾಠ

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದವರಲ್ಲಿ ಶೇಕಡಾ 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಿದ್ದರು. ಅವರಲ್ಲಿ 5.7 ಕೋಟಿ ಜನರಿಗೆ ಅದರ ದುಷ್ಪರಿಣಾಮಗಳಿಗಾಗಿ ನೆರವು ಬೇಕಿತ್ತು. ಮದ್ಯಕ್ಕೆ ಪೂರ್ಣ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿತ್ತು. ಮೂಸಿ ಅಮಲೇರಿಸಿಕೊಳ್ಳುವ ವಸ್ತುಗಳ ವಿಷಯದಲ್ಲಿ ಮಾತ್ರ ದೊಡ್ಡವರಿಗಿಂತ ಮಕ್ಕಳ ಪ್ರಮಾಣವೇ ಹೆಚ್ಚೆಂದೂ ವರದಿ ತಿಳಿಸಿತು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮದ್ಯದ ಸಮಸ್ಯೆಯಿರುವ ನೂರು ಮಂದಿಯಲ್ಲಿ ಸುಮಾರು 86 ಮಂದಿ ಚಿಕಿತ್ಸೆಯ ಹೊರಗೇ ಇದ್ದಾರೆಂದು ಕಂಡುಕೊಂಡಿತು.

ಸುರಕ್ಷಿತ ಪ್ರಮಾಣದ ಮದ್ಯ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅಲ್ಪಾಂಶವೂ ಸಲ್ಲದೆಂದು ಹದಿನಾಲ್ಕು ಶತಮಾನಗಳ ಹಿಂದೆಯೇ ಕೇಳಿದವರು ನಾವು. ಆದರೆ ಅದನ್ನು ಹೇಳಿ ಹೆಮ್ಮೆಪಟ್ಟರೆ ನಮ್ಮ ಮೊಹಲ್ಲಾದ ಒಬ್ಬನೂ ಗುಣವಾಗುವುದಿಲ್ಲ.

ಒಂದು ಆಶಾದಾಯಕ ಸಂಶೋಧನೆಯೂ ಇದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾನಿಕರವಾಗಿ ಕುಡಿಯುತ್ತಿದ್ದ ಗಂಡಸರಿಗೆ ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯರೇ ಕೆಲವು ಬೈಠಕ್‌ಗಳಲ್ಲಿ ಸಮಾಲೋಚನೆ ನೀಡಿದರು. ಮೂರು ತಿಂಗಳ ಬಳಿಕ ವಿಚಾರಿಸಿದಾಗ, ಹಿಂದಿನ ಎರಡು ವಾರಗಳಲ್ಲಿ ಸ್ವಲ್ಪವೂ ಕುಡಿಯದವರು ಸಮಾಲೋಚನೆ ದೊರೆತವರಲ್ಲಿ ಶೇಕಡಾ 42, ದೊರೆಯದವರಲ್ಲಿ ಶೇಕಡಾ 18. ಈ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವಹೇಳನವಿಲ್ಲದೆ ಕುಳಿತು ಕೇಳುವ, ಮಾರ್ಗ ಹೇಳುವ ಮನುಷ್ಯನೊಬ್ಬನು ಬೇಕು. ಅಂತಹವರು ನಮ್ಮ ಮಸೀದಿಯ ಸಫ್‌ಗಳಲ್ಲೂ ಇದ್ದಾರೆ.

ಅಂಗಡಿ ಮುಚ್ಚಿದರೆ ಸಾಲದು

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದು ಒಳ್ಳೆಯ ಹೆಜ್ಜೆ. ಆದರೆ ಒಂದು ವರ್ಷ ತುಂಬುವುದರೊಳಗೆ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಮತ್ತು ಕೋಲಾರ ಭಾಗದಲ್ಲೂ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲೂ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಬೆಂಗಳೂರು 1981ರಲ್ಲೇ ಇಂತಹ ದುರಂತವನ್ನು ಕಂಡಿತ್ತು. ಅಗ್ಗದ ಸಾರಾಯಿ ನಿಂತಿತು, ದೇಹದ ದಾಹ ನಿಲ್ಲಲಿಲ್ಲ. ಆ ದಾಹಕ್ಕೆ ಚಿಕಿತ್ಸೆ ಸಿಗದಿದ್ದಾಗ ಅದು ವಿಷವನ್ನು ಹುಡುಕಿತು.

ಆದುದರಿಂದ ಎರಡೂ ಬೇಕು. ಪಾನ ನಿಷೇಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಸರಕಾರಕ್ಕೆ ಹೇಳುತ್ತದೆ. ಆದರೆ 2023-24ರಲ್ಲಿ ಕರ್ನಾಟಕಕ್ಕೆ ಅಬಕಾರಿಯಿಂದ ಬಂದ ಆದಾಯ 34 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಮದ್ಯ ನಿಷೇಧಕ್ಕಾಗಿ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಸಾವಿರಾರು ಗ್ರಾಮೀಣ ಹೆಂಗಸರ ಬೇಡಿಕೆ ನಮ್ಮದೂ ಹೌದು. ಮದ್ಯದ ವಿಷಯದಲ್ಲಿ ಹತ್ತು ಮಂದಿ ಶಾಪಗ್ರಸ್ತರೆಂಬ ಹದೀಸಿನಲ್ಲಿ ಕುಡಿಯುವವನೊಂದಿಗೆ ಮಾರುವವನೂ ಹೊರುವವನೂ ಅದರ ಬೆಲೆಯನ್ನು ಉಣ್ಣುವವನೂ ಇದ್ದಾರೆ. ಬಾರಿಗೆ ಮಳಿಗೆ ಬಾಡಿಗೆ ಕೊಟ್ಟು, ಪಕ್ಕದ ಮನೆಯ ಕುಡುಕನನ್ನು ಹಳಿಯುವವರು ಇದನ್ನು ಯೋಚಿಸಲಿ.

ಚಿಕಿತ್ಸೆಯ ದಾರಿಗಳೂ ನಮಗೆ ತಿಳಿದಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಒಳಗೊಂಡಿದೆ. ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವುದು ರೋಗಿಯ ಹಕ್ಕು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ಈ ಕಾಯ್ದೆಯಂತೆ ನಿಷಿದ್ಧ. ಖಾಸಗಿ ಕೇಂದ್ರಕ್ಕೆ ಸೇರಿಸುವ ಮುನ್ನ ಅದು ನೋಂದಾಯಿತವೇ, ಅಲ್ಲಿ ವೈದ್ಯರಿದ್ದಾರೆಯೇ ಎಂದು ಕೇಳಿರಿ. ಹೊಡೆದು ಬಡಿದು ಬಿಡಿಸುತ್ತೇವೆನ್ನುವವರಿಗೆ ನಿಮ್ಮ ಮಗನನ್ನು ಒಪ್ಪಿಸಬೇಡಿರಿ. ಗಾಂಜಾ ಮುಂತಾದವುಗಳಿಗೆ ಬಿದ್ದವನು ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಹೋಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯ 64-ಎ ವಿಧಿಯು, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ಸ್ವಇಚ್ಛೆಯಿಂದ ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಪೂರ್ಣ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ.

ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಿದೆ. ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆಯಿದೆ. ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿರುವ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವರೇ ಎಂದು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ವಿಚಾರಿಸಿರಿ. ಟೆಲಿ ಮಾನಸ್‌ನ 14416 ಮತ್ತು ವ್ಯಸನಮುಕ್ತಿಯ 14446, ಈ ಎರಡು ಸಂಖ್ಯೆಗಳಿಗೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಬಹುದು. ಇದರಲ್ಲಿ ಮಾನಕ್ಕೆ ಕುಂದೇನಿಲ್ಲ.

ರಮಝಾನ್ ಮತ್ತು ಈದ್‌ನ ರಾತ್ರಿ

ನಮ್ಮ ಅನೇಕ ಕುಡುಕರು ರಮಝಾನಿನಲ್ಲಿ ಕುಡಿಯುವುದಿಲ್ಲ. ಈಮಾನ್ ಸತ್ತಿಲ್ಲವೆಂಬುದಕ್ಕೆ ಇದೇ ಗುರುತು. ಆದರೆ ಶವ್ವಾಲಿನ ಚಂದ್ರ ಕಂಡ ರಾತ್ರಿಯೇ ಹಳೆಯ ಗೆಳೆಯರು ಬಾಗಿಲಲ್ಲಿರುತ್ತಾರೆ. ಒಂದು ತಿಂಗಳು ಬಿಟ್ಟಿದ್ದನಲ್ಲ, ಮತ್ತೆ ಕುಡಿಯುವುದು ಬರೀ ಕೊಬ್ಬು ಎನ್ನುತ್ತಾರೆ ಮನೆಯವರು. ಬಿಡುವುದು ಒಂದು ಕೆಲಸ, ಬಿಟ್ಟ ಸ್ಥಿತಿಯಲ್ಲಿ ಉಳಿಯುವುದು ಇನ್ನೊಂದು ಕೆಲಸ. ಎರಡನೆಯದೇ ಕಷ್ಟ. ಮರಳಿ ಬೀಳುವುದು ಈ ರೋಗದ ಸ್ವಭಾವ. ಮರಳಿ ಬಿದ್ದವನನ್ನು ಮರಳಿ ಚಿಕಿತ್ಸೆಗೆ ಕರೆತರಬೇಕೆಂಬುದು ವೈದ್ಯರ ರೀತಿ. ಮರಳಿ ಪಾಪಗೈದವನಿಗೂ ತೌಬಾದ ಬಾಗಿಲು ತೆರೆದಿದೆ ಎಂಬುದು ದೀನಿನ ರೀತಿ.

ಹಾಗಾದರೆ ರಮಝಾನನ್ನು ಯೋಜಿಸಿರಿ. ಪ್ರತಿದಿನ ಕುಡಿಯುವವನನ್ನು ಶಅಬಾನಿನಲ್ಲೇ ವೈದ್ಯರಿಗೆ ತೋರಿಸಿರಿ. ಅವನು ಮೊದಲ ಉಪವಾಸದಂದು ಒಮ್ಮೆಗೇ ನಿಲ್ಲಿಸಿ ಫಿಟ್ಸ್‌ಗೆ ತುತ್ತಾಗದಂತೆ ಕಾಪಾಡಿರಿ. ಚಿಕಿತ್ಸೆಯ ದಿನಗಳಲ್ಲಿ ಉಪವಾಸ ಕೂಡದೆಂದು ವೈದ್ಯರು ಹೇಳಿದರೆ, ರೋಗಿಗೆ ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ. ತರಾವೀಹ್‌ಗೆ ಅವನನ್ನು ಜೊತೆಯಲ್ಲಿ ಕರೆದೊಯ್ಯಿರಿ. ಈದ್‌ನ ರಾತ್ರಿ ಅವನು ಒಂಟಿಯಾಗದಂತೆ ನೋಡಿಕೊಳ್ಳಿರಿ.

ಮದುವೆ ಮದ್ದಲ್ಲ

ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ಮಾತು ನಮ್ಮಲ್ಲಿ ತೀರಾ ಸಾಮಾನ್ಯ. ಇದಕ್ಕಿಂತ ಕ್ರೂರವಾದ ಮಾತು ಕಡಿಮೆ. ಅಮ್ಮಿ ಅಬ್ಬಾ ಇಪ್ಪತ್ತೈದು ವರ್ಷ ಸಾಕಿ ತಿದ್ದಲಾಗದ ಮಗನನ್ನು, ಅರಿಯದ ಹೆಣ್ಣೊಬ್ಬಳು ತಿದ್ದಬೇಕೆಂದರೇನು ನ್ಯಾಯ? ಕುಡಿತವನ್ನು ಮುಚ್ಚಿಟ್ಟು ನಿಕಾಹ್ ಮಾಡುವುದು ವಂಚನೆ. ವಿಚಾರಿಸಲು ಬಂದ ಹೆಣ್ಣಿನ ಕಡೆಯವರಿಗೆ ಹೇಳಿದರೆ ಗೀಬತ್ ಆಗುವುದೆಂದು ನೆರೆಯವರು ಹೆದರುತ್ತಾರೆ. ಫಾತಿಮಾ ಬಿಂತ್ ಕೈಸ್(ರ) ತಮ್ಮನ್ನು ಕೇಳಿ ಬಂದ ವರರ ಬಗ್ಗೆ ಸಲಹೆ ಬಯಸಿದಾಗ ಪ್ರವಾದಿವರ್ಯರು(ಸ) ಅವರ ಕುಂದುಗಳನ್ನು ನೇರವಾಗಿ ತಿಳಿಸಿದರು. ಇಂತಹ ಸಲಹೆ ಗೀಬತ್‌ನಿಂದ ಹೊರಗೆಂದು ಇಮಾಮ್ ನವವಿ ಬರೆದಿದ್ದಾರೆ. ಊರಿಗೆಲ್ಲ ಸಾರಬೇಡಿರಿ. ಕೇಳಿದ ತಂದೆಗೆ ಸುಳ್ಳು ಹೇಳಬೇಡಿರಿ.

ಈಗಾಗಲೇ ಅಂತಹ ಮನೆಯಲ್ಲಿರುವ ಸಹೋದರಿಗೆ ಸಬ್ರ್ ಮಾಡು ಎಂಬ ಒಂದೇ ಮಾತನ್ನು ಕೊಟ್ಟು ಕಳುಹಿಸಬೇಡಿರಿ. ಹೊಡೆತವನ್ನು ಸಹಿಸುವುದು ಸಬ್ರ್ ಅಲ್ಲ. ಅವಳಿಗೆ ರಕ್ಷಣೆ ಮೊದಲು, ಅವನಿಗೆ ಚಿಕಿತ್ಸೆ ಜೊತೆಯಲ್ಲಿ. ತವರಿನ ಬಾಗಿಲು ಅವಳಿಗೆ ತೆರೆದಿರಬೇಕು. ಮಕ್ಕಳ ಫೀಸು, ಅಕ್ಕಿಬೇಳೆಯ ಚಿಂತೆಯನ್ನು ಬೈತುಲ್‌ಮಾಲ್ ವಹಿಸಿಕೊಳ್ಳಬೇಕು.

ಜಮಾಅತ್ ಮಾಡಬೇಕಾದದ್ದು

ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಪ್ರತಿ ಮಸೀದಿಯೂ ಗುಟ್ಟು ಕಾಪಾಡಬಲ್ಲ ಇಬ್ಬರು ಮೂವರನ್ನು ಆರಿಸಲಿ. ಹೆಂಗಸರೊಡನೆ ಮಾತನಾಡಲು ಒಬ್ಬ ಸಹೋದರಿಯೂ ಇರಲಿ. ಅವರು ಜಿಲ್ಲಾ ಆಸ್ಪತ್ರೆಯ ವೈದ್ಯರಿಂದ ಮಾತನಾಡುವ ಬಗೆಯನ್ನು ಕಲಿಯಲಿ. ರೋಗಿಯನ್ನು ಕರೆದೊಯ್ಯುವ ಬಸ್ ಖರ್ಚನ್ನು ಜಮಾಅತ್ ಕೊಡಲಿ. ಚಿಕಿತ್ಸೆ ಮುಗಿಸಿ ಬಂದವನಿಗೆ ಕೆಲಸ ಹುಡುಕಿಕೊಡಲಿ. ಕೆಲಸವಿಲ್ಲದ ಸಂಜೆ ಅವನನ್ನು ಮತ್ತೆ ಅಲ್ಲಿಗೇ ಎಳೆಯುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ರಾಜ್ಯದ ಹಳ್ಳಿ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾ ಬಂದಿದ್ದಾರೆ. ಒಳಿತು ಯಾರ ಬಳಿಯಿದ್ದರೂ ನೋಡಿ ಕಲಿಯುವುದರಲ್ಲಿ ಸಂಕೋಚ ಬೇಡ.

ಇನ್ನು, ಇದನ್ನು ಓದುತ್ತಿರುವ ನೀವೇ ಆ ಸಹೋದರರಾಗಿದ್ದರೆ, ನಿಮಗೊಂದು ಮಾತು. ನಿಮ್ಮ ಬಾಯಿಯ ವಾಸನೆಗೆ ಹೆದರಿ ನೀವು ಮಸೀದಿಯಿಂದ ದೂರವಾಗಿರಬಹುದು. ನೂರು ಸಲ ಆಣೆಯಿಟ್ಟು ಮುರಿದಿರಬಹುದು. ಇನ್ನು ನನಗೆ ಕ್ಷಮೆಯಿಲ್ಲ, ಇನ್ನೊಂದು ಗ್ಲಾಸಿನಿಂದೇನು ಎನಿಸಿರಬಹುದು. ಈ ನಿರಾಶೆಯೇ ಶೈತಾನನ ದೊಡ್ಡ ಬಲೆ. ಇಂದು ಅಮಲಿಲ್ಲದ ಹೊತ್ತಿನಲ್ಲಿ ವುಝೂ ಮಾಡಿ ಎರಡು ರಕಅತ್ ನಮಾಝ್ ಮಾಡಿರಿ. ನಾಳೆ ಬೆಳಿಗ್ಗೆ ನಂಬಿಕೆಯ ಒಬ್ಬರೊಡನೆ ಆಸ್ಪತ್ರೆಗೆ ಹೋಗಿರಿ. ಮೊದಲನೆಯದು ನಿಮ್ಮ ಪ್ರಭುವಿನೊಡನೆ ಮಾಡುವ ತೌಬಾ. ಎರಡನೆಯದು ಅವನು ಕೊಟ್ಟ ದೇಹದ ಅಮಾನತನ್ನು ಕಾಪಾಡುವ ಕರ್ತವ್ಯ.

ಅಲ್ಲಾಹನು ಅಮಲಿನಲ್ಲಿ ಸಿಲುಕಿದ ನಮ್ಮ ಸಹೋದರರಿಗೆ ಬಿಡುಗಡೆಯನ್ನೂ ಅವರ ಮನೆಗಳಿಗೆ ನೆಮ್ಮದಿಯನ್ನೂ ಕರುಣಿಸಲಿ. ಅವರ ವಿರುದ್ಧ ಶೈತಾನನಿಗೆ ನೆರವಾಗದೆ, ಶೈತಾನನ ವಿರುದ್ಧ ಅವರಿಗೆ ನೆರವಾಗುವ ತೌಫೀಕನ್ನು ನಮಗೆಲ್ಲರಿಗೂ ನೀಡಲಿ. ಆಮೀನ್.